ರಾತ್ರಿ ಬಸ್ಸಿಗೆ ಸ್ಯಾಂಡ್‌ವಿಚ್ ಕಟ್ಟಿಸಿಕೊಳ್ಳುವವರಿಗೆ

ವಿಜಯಪುರದಲ್ಲಿ ಗೋಳಗುಮ್ಮಟ, ಇಬ್ರಾಹಿಂ ರೋಜಾ ನೋಡಿಕೊಂಡು ರಾತ್ರಿ ಬಸ್ಸು ಹಿಡಿಯುವವರು, ತಡರಾತ್ರಿಯವರೆಗೆ ತೆರೆದಿರುವ ಸ್ಯಾಂಡ್‌ವಿಚ್ ಅಂಗಡಿಯಲ್ಲಿ ಪಾರ್ಸೆಲ್ ಹೇಳುವಾಗ, ಬ್ರೆಡ್ಡಿನ ಎರಡೂ ಹೋಳುಗಳ ಒಳಬದಿಗೆ ಅಂಚಿನವರೆಗೂ ಬೆಣ್ಣೆ ಸವರಿಸಿ, ಹಸಿರು ಚಟ್ನಿಯ ಬದಲು ಶೇಂಗಾ ಹಿಂಡಿ, ಅಂದರೆ ಕಡಲೆಕಾಯಿಯ ಒಣ ಚಟ್ನಿಪುಡಿ, ಉದುರಿಸಲು ಹೇಳಿ, ಸುಟ್ಟ ಸ್ಯಾಂಡ್‌ವಿಚ್ಚನ್ನು ಎರಡು ಮೂರು ನಿಮಿಷ ತೆರೆದಿಟ್ಟ ನಂತರವೇ ಕಾಗದದಲ್ಲಿ ಸುತ್ತಿಸಿಕೊಳ್ಳಬೇಕು. ಉಪ್ಪು ತಗುಲಿದ ಸೌತೆಕಾಯಿ, ಟೊಮೆಟೊಗಳು ನೀರು ಬಿಡುತ್ತವೆ. ಬೆಣ್ಣೆಯ ಜಿಡ್ಡು ಆ ನೀರು ಬ್ರೆಡ್ಡಿಗೆ ಇಳಿಯದಂತೆ ಬಹುಮಟ್ಟಿಗೆ ತಡೆಯುತ್ತದೆ, ಹಿಂಡಿಯಲ್ಲಂತೂ ನೀರೇ ಇರುವುದಿಲ್ಲ. ಬಿಸಿಯಾಗಿರುವಾಗಲೇ ಪ್ಲಾಸ್ಟಿಕ್ ಚೀಲದಲ್ಲೋ ಅಲ್ಯೂಮಿನಿಯಂ ಹಾಳೆಯಲ್ಲೋ ಬಿಗಿದರೆ ಹಬೆ ಹೊರಹೋಗಲಾರದೆ ಒಳಗೇ ಹನಿಗಟ್ಟಿ, ಗರಿಗರಿಯಾಗಿದ್ದ ಮೇಲ್ಪದರ ಊರು ದಾಟುವಷ್ಟರಲ್ಲಿ ತೊಯ್ದ ರಟ್ಟಿನಂತಾಗುತ್ತದೆ. ಸುದ್ದಿಪತ್ರಿಕೆಯ ಹಾಳೆ ಬೇಡ. ಅದರ ಶಾಯಿ ಬೆಣ್ಣೆಗೆ ಹತ್ತುತ್ತದೆ. ಹಿಂಡಿ ಇಲ್ಲದ ಅಂಗಡಿಯಾದರೆ ಚಟ್ನಿಯನ್ನು ಬೇರೆಯಾಗಿ ಕಟ್ಟಿಸಿಕೊಳ್ಳಬಹುದು, ಆದರೆ ಅಲುಗಾಡುವ ಬಸ್ಸಿನಲ್ಲಿ ಅದನ್ನು ಬಿಚ್ಚುವ ಸಾಹಸ ಅಂಗಿಗೆ ಒಳ್ಳೆಯದಲ್ಲ. ಚೀಸ್ ಸ್ಯಾಂಡ್‌ವಿಚ್ಚಿಗೆ ಈ ಉಪಾಯ ಹೆಚ್ಚು ಫಲ ಕೊಡುವುದಿಲ್ಲ, ಏಕೆಂದರೆ ಆರಿದ ಚೀಸ್ ಹೇಗೂ ರಬ್ಬರಿನಂತೆ ಬಿಗಿಯುತ್ತದೆ. ಅದನ್ನು ಅಂಗಡಿಯೆದುರೇ ನಿಂತು ತಿನ್ನುವುದು ಲೇಸು. ಬೇಯಿಸಿದ ಆಲೂಗಡ್ಡೆ ಅಥವಾ ಮೇಯೊನೀಸ್ ಇರುವುದನ್ನು ಎರಡು ಗಂಟೆಯೊಳಗೆ, ಏಪ್ರಿಲ್–ಮೇ ತಿಂಗಳ ಸೆಕೆಯಲ್ಲಿ ಒಂದೇ ಗಂಟೆಯೊಳಗೆ ತಿಂದು ಮುಗಿಸಬೇಕು. ಬೆಳಗಿನ ಉಪಾಹಾರಕ್ಕೆಂದು ಉಳಿಸಿಕೊಳ್ಳಬಾರದು.