ಸ್ವಂತ ಗೇಮನ್ನು ಆಡುವ ಕ್ರಮ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿಗಳಲ್ಲಿ ಮನೆಯಲ್ಲೇ ಕುಳಿತು ಮೊಬೈಲ್ ಗೇಮ್ ಕಟ್ಟುವ ಎಳೆಯರು ಈಗ ಅಲ್ಲಲ್ಲಿ ಸಿಗುತ್ತಾರೆ. ಭೇಟಿಯಾದಾಗ ಅವರಲ್ಲಿ ಹಲವರು ಕೇಳುವ ಪ್ರಶ್ನೆ ಒಂದೇ: ನಾವು ಕಟ್ಟುತ್ತಿರುವ ಗೇಮನ್ನು ನಾವೇ ದಿನವೂ ಆಡಬೇಕೆ, ಅಥವಾ ಆ ಹೊತ್ತನ್ನು ಕೋಡ್ ಬರೆಯಲು ಉಳಿಸಿಕೊಂಡು ಆಡುವ ಕೆಲಸವನ್ನು ಬೇರೆಯವರಿಗೆ ಬಿಡಬಹುದೆ? ದಿನವೂ ಆಡಲೇಬೇಕು ಎಂಬುದು ನನ್ನ ಉತ್ತರ. ಆದರೆ ಏನನ್ನು ತಿಳಿಯಲು ಆಡುತ್ತಿದ್ದೇವೆ ಎಂಬುದನ್ನು ಮೊದಲೇ ಗೊತ್ತುಮಾಡಿಕೊಂಡು ಆಡಬೇಕು, ಏಕೆಂದರೆ ಕಟ್ಟಿದವರ ಆಟ ಕೆಲವು ಪ್ರಶ್ನೆಗಳಿಗೆ ಮಾತ್ರ ನಿಜವನ್ನು ಹೇಳುತ್ತದೆ, ಉಳಿದವುಗಳಲ್ಲಿ ನಮ್ಮನ್ನು ದಾರಿ ತಪ್ಪಿಸುತ್ತದೆ.

ಮೊದಲಿಗೆ, ಆಡದೆ ತಿಳಿಯಲಾಗದ್ದು ಯಾವುದು ಎಂಬುದನ್ನು ನೋಡೋಣ. ನಮ್ಮ ಕಡೆ ದೇವರ ನೈವೇದ್ಯಕ್ಕೆ ಮಾಡುವ ಅಡುಗೆಯನ್ನು ಭಟ್ಟರು ಬಾಯಿಗಿಟ್ಟು ನೋಡುವುದಿಲ್ಲ. ಸಾರು ಕುದಿಯುವ ಪರಿಮಳದಿಂದಲೇ ಉಪ್ಪು, ಹುಳಿಯ ಹದವನ್ನು ಹೇಳುತ್ತಾರೆ. ಗೇಮಿನಲ್ಲಿ ಅಂತಹ ಪರಿಮಳವಿಲ್ಲ. ಜಿಗಿತದ ಎತ್ತರ ಎಷ್ಟು, ಬಟನ್ ಒತ್ತಿದ ಎಷ್ಟು ಹೊತ್ತಿಗೆ ಪಾತ್ರ ಅಲುಗಬೇಕು ಎಂಬ ಅಂಕಿಗಳೆಲ್ಲ ಕೋಡಿನಲ್ಲಿ ಸರಿಯಾಗಿಯೇ ಕಾಣುತ್ತಿದ್ದರೂ, ಅವೆಲ್ಲ ಸೇರಿ ಕೈಗೆ ಒಗ್ಗುತ್ತವೆಯೆ ಎಂಬುದು ಬೆರಳಿಗೆ ಮಾತ್ರ ತಿಳಿಯುವ ಸಂಗತಿ. 1984ರಲ್ಲಿ ಮಾಸ್ಕೋದಲ್ಲಿ ಟೆಟ್ರಿಸ್ ಕಟ್ಟಿದ ಅಲೆಕ್ಸಿ ಪಜಿಟ್ನೋವ್ ಅವರು, ಅಂಕಗಳ ಲೆಕ್ಕವೂ ಇನ್ನೂ ಸೇರಿರದ ಮೊದಲ ರೂಪವನ್ನೇ ಆಡತೊಡಗಿ ಬಿಡಲಾಗಲಿಲ್ಲವೆಂದು ಹೇಳಿಕೊಂಡಿದ್ದಾರೆ. ಗೇಮಿನ ತಿರುಳು ಗಟ್ಟಿಯಿದೆ ಎಂಬುದಕ್ಕೆ ಆ ಹಂತದಲ್ಲಿ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಾಗಿಲ್ಲ. ನಿಮ್ಮ ಗೇಮನ್ನು ನೀವೇ ಆಡಲು ಒಲ್ಲೆ ಎನ್ನಿಸುತ್ತಿದ್ದರೆ, ಅದನ್ನು ಕೇವಲ ದಣಿವೆಂದು ತಳ್ಳಿಹಾಕುವ ಮುನ್ನ ಯಾವ ಕ್ಷಣದಲ್ಲಿ ಬೇಸರ ಬಂತು ಎಂಬುದನ್ನು ಬರೆದಿಟ್ಟುಕೊಳ್ಳಿ.

ಇನ್ನು ನಮ್ಮ ಕೈ ನಮಗೆ ಮೋಸ ಮಾಡುವ ಬಗೆ. 1990ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಎಲಿಜಬೆತ್ ನ್ಯೂಟನ್ ಒಂದು ಪ್ರಯೋಗ ನಡೆಸಿದರು. ಕೆಲವರು ಎಲ್ಲರಿಗೂ ಗೊತ್ತಿರುವ ಹಾಡುಗಳ ಲಯವನ್ನು ಮೇಜಿನ ಮೇಲೆ ಬೆರಳಿನಿಂದ ತಟ್ಟಬೇಕು, ಕೇಳುವವರು ಅದು ಯಾವ ಹಾಡೆಂದು ಹೇಳಬೇಕು. ಅರ್ಧದಷ್ಟನ್ನಾದರೂ ಕೇಳುಗರು ಗುರುತಿಸುತ್ತಾರೆಂದು ತಟ್ಟಿದವರು ಎಣಿಸಿದ್ದರು. ಆದರೆ 120 ಹಾಡುಗಳಲ್ಲಿ ಗುರುತಾದದ್ದು 3 ಮಾತ್ರ. ತಟ್ಟುವವರ ತಲೆಯೊಳಗೆ ಹಾಡು ಪೂರ್ತಿಯಾಗಿ ನುಡಿಯುತ್ತಿರುತ್ತದೆ, ಕೇಳುವವರಿಗೆ ಬರಿಯ ಟಕ್ ಟಕ್ ಸದ್ದು. ಗೇಮ್ ಕಟ್ಟಿದವರ ಸ್ಥಿತಿಯೂ ಇದೇ. ಬಾಗಿಲ ಹಿಂದೆ ಏನಿದೆ, ಕೀಲಿಕೈ ಎಲ್ಲಿದೆ, ಯಾವ ಬಂಡೆ ಬೀಳುತ್ತದೆ ಎಂಬುದೆಲ್ಲ ಗೊತ್ತಿರುವ ನಮಗೆ ದಾರಿ ತಾನಾಗಿ ಕಾಣುತ್ತದೆ. ಮೊದಲ ಸಲ ಆಡುವವರಿಗೆ ಅದು ಕತ್ತಲೆಯ ಕೋಣೆ. ದಿನಾ ಆಡಿ ಕೈ ಪಳಗಿದಂತೆ ಲೆವೆಲ್‌ಗಳು ಸಪ್ಪೆಯೆನ್ನಿಸಿ, ಅವನ್ನು ಇನ್ನಷ್ಟು ಕಠಿಣಗೊಳಿಸುವ ಆಸೆಯೂ ಹುಟ್ಟುತ್ತದೆ. 1986ರಲ್ಲಿ ಜಪಾನಿನಲ್ಲಿ ಬಂದ ಸೂಪರ್ ಮಾರಿಯೋ ಬ್ರದರ್ಸ್ 2, ಮೊದಲ ಗೇಮಿನಲ್ಲಿ ಪಳಗಿದವರಿಗೆಂದೇ ತಯಾರಾಗಿತ್ತು. ಅದನ್ನು ತಯಾರಿಸಿದ ನಿಂಟೆಂಡೊ ಕಂಪನಿಯ ಅಮೆರಿಕ ಶಾಖೆಯವರು ಅದು ಅತಿ ಕಷ್ಟವೆಂದು ಭಾವಿಸಿ, 1988ರಲ್ಲಿ ಅದೇ ಹೆಸರಿನಲ್ಲಿ ಬೇರೆಯದೇ ಗೇಮನ್ನು ಬಿಡುಗಡೆ ಮಾಡಿದರು. ಪಳಗಿದವರಿಗಾಗಿ ಕಟ್ಟುವುದು ತಪ್ಪಲ್ಲ. ಆದರೆ ಯಾರಿಗಾಗಿ ಕಟ್ಟುತ್ತಿದ್ದೇವೆ ಎಂಬ ಅರಿವಿಲ್ಲದೆ, ನಮ್ಮ ಕೈಯ ಹದಕ್ಕೆ ತಕ್ಕಂತೆ ಕಷ್ಟವನ್ನು ಏರಿಸುತ್ತ ಹೋಗುವುದು ಖಂಡಿತ ತಪ್ಪು.

ಹಾಗಾದರೆ ಆಡುವ ಕ್ರಮ ಹೇಗಿರಬೇಕು? ಪ್ರತಿದಿನ ಕೆಲಸ ಆರಂಭಿಸುವ ಮುನ್ನ 20ರಿಂದ 30 ನಿಮಿಷ ಇದಕ್ಕೆಂದೇ ಎತ್ತಿಡಿ. ಹಿಂದಿನ ದಿನದ ಬಿಲ್ಡನ್ನು, ಅಂದರೆ ಅಲ್ಲಿಯವರೆಗಿನ ಕೆಲಸ ಸೇರಿಸಿ ಸಿದ್ಧಪಡಿಸಿದ ಗೇಮಿನ ರೂಪವನ್ನು, ಫೋನಿಗೆ ಹಾಕಿಕೊಂಡು ಆಡಿ. ಕಂಪ್ಯೂಟರಿನಲ್ಲಿ ಗೇಮ್ ಕಟ್ಟುವ ತಂತ್ರಾಂಶದ ಎಡಿಟರ್‌ನೊಳಗೆ ಆಡಿದ್ದನ್ನು ಆಟವೆಂದು ಎಣಿಸಬೇಡಿ. ಇದಕ್ಕೆ ಗಟ್ಟಿಯಾದ ಕಾರಣವಿದೆ. ಯೂನಿಟಿ ಎಂಬ ಗೇಮ್ ಕಟ್ಟುವ ತಂತ್ರಾಂಶದಲ್ಲಿ ಕಟ್ಟಿದ ಗೇಮು, ನಾವು ಬೇರೆ ಸೂಚನೆ ಕೊಡದಿದ್ದರೆ, ಮೊಬೈಲಿನಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ 30 ಫ್ರೇಮಿನಂತೆ, ಅಂದರೆ 30 ಚಿತ್ರಗಳಂತೆ, ಓಡುತ್ತದೆ. ಕಂಪ್ಯೂಟರಿನಲ್ಲಿ ಅದೇ ಗೇಮು 60ಕ್ಕೂ ಮೀರಿ ಓಡಬಹುದು. 60 ಫ್ರೇಮಿನಲ್ಲಿ ಒಂದೊಂದು ಫ್ರೇಮಿಗೆ ಸುಮಾರು 16.7 ಮಿಲಿಸೆಕೆಂಡು ಸಿಕ್ಕರೆ, 30ರಲ್ಲಿ 33.3 ಮಿಲಿಸೆಕೆಂಡು ಹಿಡಿಯುತ್ತದೆ. ಎಡಿಟರಿನಲ್ಲಿ ಬೆಣ್ಣೆಯಂತಿದ್ದ ಜಿಗಿತ ಫೋನಿನಲ್ಲಿ ತಡವರಿಸುವುದು ಇದರಿಂದಲೇ. ಅದಲ್ಲದೆ, ಮೌಸಿನ ಬಾಣ ಏನನ್ನೂ ಮರೆಮಾಡುವುದಿಲ್ಲ, ಹೆಬ್ಬೆರಳು ಪರದೆಯ ಒಂದು ಮೂಲೆಯನ್ನೇ ಮುಚ್ಚಿಬಿಡುತ್ತದೆ.

ಆಡಲು ಕೂರುವ ಮೊದಲು ಆ ದಿನದ ಪ್ರಶ್ನೆಯನ್ನು ಒಂದು ಸಾಲಿನಲ್ಲಿ ನೋಟ್‌ಬುಕ್ಕಿನಲ್ಲಿ ಬರೆಯಿರಿ: ‘ಮೂರನೆಯ ಲೆವೆಲ್ಲಿನಲ್ಲಿ ಸೋತ ಮೇಲೆ ಮತ್ತೆ ಆಡಬೇಕೆನ್ನಿಸುತ್ತದೆಯೆ?’ ಎಂಬಂತಹ, ಆಡಿದರೆ ಮಾತ್ರ ಉತ್ತರ ಸಿಗುವ ಪ್ರಶ್ನೆ. ಆಡುವಾಗ ಬಗ್ ಕಂಡರೆ ಹೊತ್ತು ಮತ್ತು ಜಾಗವನ್ನು ಗುರುತು ಹಾಕಿ ಮುಂದೆ ಸಾಗಿ. ಅಲ್ಲಿಯೇ ಫೋನ್ ಕೆಳಗಿಟ್ಟು ಕೋಡ್ ತಿದ್ದಲು ಹೊರಟರೆ ನೀವು ಆಟಗಾರರಾಗಿ ಉಳಿಯುವುದಿಲ್ಲ. ಆ ಅರ್ಧ ಗಂಟೆಯಲ್ಲಿ ತಿಳಿಯಬೇಕಾಗಿದ್ದ ಉಳಿದೆಲ್ಲವೂ ಕೈತಪ್ಪುತ್ತದೆ. ವಾರಕ್ಕೊಮ್ಮೆ ಗೇಮನ್ನು ಪೂರ್ತಿ ತೆಗೆದುಹಾಕಿ, ಸೇವ್ ಫೈಲ್ ಅಳಿಸಿ, ಹೊಸದಾಗಿ ಹಾಕಿಕೊಂಡು ಟ್ಯುಟೋರಿಯಲ್‌ನಿಂದಲೇ ಶುರುಮಾಡಿ. ಆಟಗಾರರೆಲ್ಲರೂ ಹಾದುಹೋಗುವ ಆ ಮೊದಲ ಹತ್ತು ನಿಮಿಷವನ್ನೇ ನಾವು ಅತಿ ಕಡಿಮೆ ಆಡಿರುತ್ತೇವೆ. ಕಂಪ್ಯೂಟರಿಗಾಗಿ ಕಟ್ಟುವವರಿಗಂತೂ ಈ ಭಾಗ ಹಣದ ಪ್ರಶ್ನೆಯೂ ಹೌದು: ಕಂಪ್ಯೂಟರ್ ಗೇಮುಗಳ ಆನ್‌ಲೈನ್ ಅಂಗಡಿಯಾದ ಸ್ಟೀಮ್‌ನಲ್ಲಿ ಕೊಂಡವರು 2 ಗಂಟೆಗಿಂತ ಕಡಿಮೆ ಆಡಿದ್ದು, 14 ದಿನಗಳೊಳಗೆ ಕೇಳಿದರೆ ಹಣ ಮರಳಿ ಪಡೆಯಬಹುದು.

ಚೀಟ್‌ಗಳ, ಅಂದರೆ ಆಟವನ್ನು ಸುಲಭಗೊಳಿಸುವ ಗುಪ್ತ ದಾರಿಗಳ, ವಿಷಯದಲ್ಲಿ ಎಚ್ಚರ ಬೇಕು. 1986ರಲ್ಲಿ ಗ್ರೇಡಿಯಸ್ ಗೇಮನ್ನು ನಿಂಟೆಂಡೊ ಯಂತ್ರಕ್ಕೆ ಅಳವಡಿಸುತ್ತಿದ್ದ ಕೊನಾಮಿ ಕಂಪನಿಯ ಕಝುಹಿಸಾ ಹಾಶಿಮೋಟೊ ಅವರು, ಪರೀಕ್ಷಿಸುವಾಗ ಆಡಿ ದಾಟುವುದೇ ಕಷ್ಟವಾದ್ದರಿಂದ, ಎಲ್ಲ ಶಕ್ತಿಗಳೂ ಒಮ್ಮೆಗೇ ಸಿಗುವಂತಹ ಗುಪ್ತ ಬಟನ್ ಸರಣಿಯೊಂದನ್ನು ಸೇರಿಸಿಕೊಂಡರು. ಅದು ಬಿಡುಗಡೆಯಾದ ಗೇಮಿನಲ್ಲೂ ಉಳಿದು ‘ಕೊನಾಮಿ ಕೋಡ್’ ಎಂದು ಲೋಕಪ್ರಸಿದ್ಧವಾಯಿತು. ಕೆಲಸದ ಅನುಕೂಲಕ್ಕೆ ಇಂತಹ ದಾರಿಗಳು ಬೇಕೇ ಬೇಕು, ನಾನೂ ಬಳಸುತ್ತೇನೆ. ಆದರೆ ಚೀಟ್ ಹಾಕಿ ಆಡಿದ ಹೊತ್ತು ಆಡಿದ ಲೆಕ್ಕಕ್ಕೆ ಬರುವುದಿಲ್ಲ. ಲೆಕ್ಕವಿಲ್ಲದಷ್ಟು ನಾಣ್ಯವಿರುವ ಡೆವಲಪರ್ ಖಾತೆಯಿಂದ ಆಡುವವರಿಗೆ ಅಂಗಡಿಯ ಬೆಲೆಗಳು ಎಂದೂ ಅನ್ಯಾಯವೆನ್ನಿಸುವುದಿಲ್ಲ.

ಮಲೆನಾಡಿನಲ್ಲಿರುವುದರ ಒಂದು ಲಾಭವೆಂದರೆ, ಕಷ್ಟದ ಸಂದರ್ಭಗಳನ್ನು ನಾವು ಕೃತಕವಾಗಿ ಸೃಷ್ಟಿಸಬೇಕಾಗಿಲ್ಲ. ಆಷಾಢದ ಮಳೆಯಲ್ಲಿ ಒದ್ದೆ ಬೆರಳಿನಿಂದ ಆಡಿ ನೋಡಿ: ನೀರಿನ ಹನಿಯನ್ನೇ ಪರದೆ ಬೆರಳೆಂದು ತಿಳಿದು ತಾನಾಗಿ ಒತ್ತಿಕೊಳ್ಳುತ್ತದೆ, ಚಿಕ್ಕ ಬಟನ್‌ಗಳು ಪಕ್ಕಪಕ್ಕದಲ್ಲಿದ್ದರೆ ಆಟ ಕೆಟ್ಟಿತೆಂದೇ ಅರ್ಥ. ಕರೆಂಟು ಹೋಗಿ ಬ್ಯಾಟರಿ ಉಳಿಸುವ ಮೋಡ್‌ಗೆ ಹೋದ ಫೋನಿನಲ್ಲಿ ಆಡಿ. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವ ಬಸ್ಸಿನಲ್ಲಿ, ಮಂಡಗದ್ದೆಯ ಆಸುಪಾಸಿನ ಕಾಡು ದಾರಿಯಲ್ಲಿ ನೆಟ್‌ವರ್ಕ್ ಬಿಟ್ಟು ಬಿಟ್ಟು ಬರುವಾಗ ಆಡಿ. ಹಾಗೆ ಆಡುತ್ತಿದ್ದ ಒಂದು ಸಲ ನನಗೆ ಮನೆಯಿಂದ ಕರೆ ಬಂತು. ಮಾತು ಮುಗಿಸಿ ಮರಳಿದಾಗ ಗೇಮು ಮೊದಲಿನಿಂದ ಶುರುವಾಗಿತ್ತು. ಎಂಟು ತಿಂಗಳು ನಾವು ಎಡಿಟರಿನಲ್ಲಿ ಆಡಿದ್ದ ಗೇಮದು, ಅಲ್ಲಿ ಯಾರೂ ಕರೆ ಮಾಡುವುದಿಲ್ಲ. ಅಂದಿನಿಂದ, ಗೇಮು ಹಿನ್ನೆಲೆಗೆ ಸರಿದ ಕ್ಷಣವೇ ಸೇವ್ ಆಗಬೇಕೆಂಬುದು ನಮ್ಮಲ್ಲಿ ಕಡ್ಡಾಯ ನಿಯಮ.

ಕನ್ನಡದಲ್ಲಿ ಗೇಮ್ ತರುವವರು ಕನ್ನಡದಲ್ಲೇ ಆಡಬೇಕು ಎಂಬುದನ್ನು ನಾನು ಒತ್ತಿ ಹೇಳುತ್ತೇನೆ. ಅಭ್ಯಾಸಬಲದಿಂದ ಇಂಗ್ಲಿಷ್ ಆಯ್ಕೆಯಲ್ಲೇ ತಿಂಗಳುಗಟ್ಟಲೆ ಆಡಿ, ಬಿಡುಗಡೆಯ ಹಿಂದಿನ ವಾರ ಭಾಷೆ ಬದಲಿಸಿದಾಗ ಒತ್ತಕ್ಷರಗಳೆಲ್ಲ ಬಿಡಿಬಿಡಿಯಾಗಿ ಹರಡಿ ಬಿದ್ದಿರುವುದನ್ನು ಕಂಡವರಿದ್ದಾರೆ. ‘ಕ್ಷೇತ್ರ’, ‘ಶಾಸ್ತ್ರ’ಗಳಂತಹ ಪದಗಳನ್ನು ಕೂಡಿಸಿ ಬರೆಯುವ ಕೆಲಸವನ್ನು ಯೂನಿಟಿಯಲ್ಲಿ ಬರಹ ಮೂಡಿಸುವ ಟೆಕ್ಸ್ಟ್‌ಮೆಶ್ ಪ್ರೊ ತಾನಾಗಿ ಮಾಡುವುದಿಲ್ಲ, ಅದಕ್ಕೆ ಬೇರೆ ವ್ಯವಸ್ಥೆ ಬೇಕು. ಗೇಮ್ ಕಟ್ಟುವ ಇನ್ನೊಂದು ತಂತ್ರಾಂಶವಾದ, 2023ರಲ್ಲಿ ಬಂದ ಗೋಡೋ 4 ಆದರೋ ಅಕ್ಷರ ಜೋಡಿಸುವ ಹಾರ್ಫ್‌ಬಝ್ ತಂತ್ರಾಂಶದ ನೆರವಿನಿಂದ ಇದನ್ನು ನಿಭಾಯಿಸುತ್ತದೆ. ಅಕ್ಷರ ಸರಿಯಾದ ಮೇಲೂ ಕೆಲಸ ಮುಗಿಯಿತೆನ್ನಲಾಗದು. ‘ಮುಂದುವರಿಸಿ’ ಎಂಬುದು ಇಂಗ್ಲಿಷಿನ ನಾಲ್ಕಕ್ಷರದ ಪದಕ್ಕೆಂದು ಕೊರೆದ ಬಟನ್ನಿನಲ್ಲಿ ಹಿಡಿಸುವುದಿಲ್ಲ, ಸಾಲಿನ ಕೆಳಗೆ ಇಳಿಯುವ ಒತ್ತಕ್ಷರದ ಬಾಲ ಪೆಟ್ಟಿಗೆಯ ಅಂಚಿಗೆ ಕತ್ತರಿಸಿಹೋಗುತ್ತದೆ. ದಿನವೂ ಕನ್ನಡದಲ್ಲಿ ಆಡುವವರಿಗೆ ಇವು ಮೊದಲ ವಾರವೇ ಕಣ್ಣಿಗೆ ಬೀಳುತ್ತವೆ.

ಇಷ್ಟೆಲ್ಲ ಆಡಿದ ಮೇಲೂ ನಿಮಗೆ ಸಿಗದ ಉತ್ತರ ಹೊಸಬರ ಕೈಯಲ್ಲಿರುತ್ತದೆ. ನಾವು ಚೆನ್ನೆಮಣೆಯನ್ನು ಫೋನಿಗೆ ತರುತ್ತಿದ್ದಾಗ ನಡೆದದ್ದನ್ನು ಹೇಳುತ್ತೇನೆ. ಎರಡು ಸಾಲಿನಲ್ಲಿ ಏಳೇಳು ಗುಳಿ, ಗುಳಿಗೆ ನಾಲ್ಕರಂತೆ 56 ಹುಣಸೆ ಬೀಜ. ಗುಳಿಯ ಮೇಲೆ ಒಮ್ಮೆ ಒತ್ತಿದರೆ ಬೀಜಗಳು ತಾವಾಗಿ ಮುಂದಿನ ಗುಳಿಗಳಿಗೆ ಹಂಚಿಕೆಯಾಗುವಂತೆ ನಾವು ಮಾಡಿದ್ದೆವು, ಮೂರು ತಿಂಗಳು ಹಾಗೆಯೇ ಆಡಿದ್ದೆವು, ನಮಗೆ ಯಾವ ತೊಡಕೂ ಕಂಡಿರಲಿಲ್ಲ. ಹೊಸನಗರದ ಕಡೆಯ ನಮ್ಮ ದೊಡ್ಡಮ್ಮನ ಕೈಗೆ ಫೋನ್ ಕೊಟ್ಟೆ. ಅವರು ಗುಳಿಯ ಮೇಲೆ ಮೂರು ಬೆರಳು ಜೋಡಿಸಿ ಬೀಜ ಹೆಕ್ಕುವಂತೆ ಮಾಡಿದರು, ಏನೂ ಆಗಲಿಲ್ಲ. ಮತ್ತೆ ಬೆರಳನ್ನು ಗುಳಿಯಿಂದ ಗುಳಿಗೆ ನಿಧಾನವಾಗಿ ಎಳೆಯುತ್ತ, ಒಂದೊಂದರ ಮೇಲೂ ಒಂದಿಷ್ಟು ತಡೆದು ಬಾಯಲ್ಲಿ ಎಣಿಸಿದರು. ಆಗಲೂ ಏನೂ ಆಗಲಿಲ್ಲ. ‘ಬೀಜ ಕೈಗೇ ಬರೂದಿಲ್ಲಲ್ಲ ಮಾರಾಯ’ ಎಂದರು. ಆಟದ ನಿಯಮ ನನಗಿಂತ ಚೆನ್ನಾಗಿ ಬಲ್ಲವರು ಮೊದಲ ನಡೆಯನ್ನೇ ನಡೆಸಲಾಗದೆ ಕುಳಿತಿದ್ದರು. ತಿಳಿಸಿಕೊಡಲು ನಾಲಿಗೆ ತುದಿಗೆ ಬಂದ ಮಾತನ್ನು ತಡೆದುಕೊಂಡು ನೋಡುತ್ತ ಕುಳಿತದ್ದು ಅಂದು ನಾನು ಮಾಡಿದ ಒಳ್ಳೆಯ ಕೆಲಸ. ಬೆರಳು ಎಳೆದಂತೆ ಬೀಜ ಬೀಳುವ ಹೊಸ ವಿಧಾನವನ್ನು ನಾವು ಅದರಿಂದಲೇ ಕಲಿತೆವು. ಒಂದೊಂದು ಬೀಜ ಬಿದ್ದಾಗ ಮರಕ್ಕೆ ತಾಗಿದ ಸದ್ದು ಬರುವಂತೆಯೂ ಮಾಡಿದೆವು.

ಬೇರೆಯವರು ಆಡುವಾಗ ಬಾಯಿಮುಚ್ಚಿ ಕೂರುವ ಈ ಕ್ರಮ ಹೊಸದಲ್ಲ. 1998ರಲ್ಲಿ ಹಾಫ್-ಲೈಫ್ ಬಿಡುಗಡೆ ಮಾಡಿದ ವಾಲ್ವ್ ಸಂಸ್ಥೆಯಲ್ಲಿ, ಹೊರಗಿನವರನ್ನು ಕರೆಸಿ ಆಡಿಸುವಾಗ ಆ ಭಾಗವನ್ನು ಕಟ್ಟಿದವರೇ ಪಕ್ಕದಲ್ಲಿ ಮೌನವಾಗಿ ಕುಳಿತು ಟಿಪ್ಪಣಿ ಮಾಡಿಕೊಳ್ಳಬೇಕಿತ್ತು, ಸುಳಿವು ಕೊಡುವಂತಿರಲಿಲ್ಲ. ಎರಡು ಗಂಟೆಯ ಒಂದು ಸುತ್ತಿನಿಂದ ನೂರರಷ್ಟು ತಿದ್ದುಪಡಿಗಳು ಹೊರಬೀಳುತ್ತಿದ್ದವೆಂದು ಅಲ್ಲಿನ ಕೆನ್ ಬರ್ಡ್‌ವೆಲ್ ಬರೆದಿದ್ದಾರೆ. ನೀವೂ ಹಾಗೆಯೇ ಮಾಡಿ. ಆಡಿದವರನ್ನು ‘ಹೇಗಿತ್ತು?’ ಎಂದು ಕೇಳಬೇಡಿ. ನಮ್ಮವರು ಮನಸ್ಸು ನೋಯಿಸಬಾರದೆಂದು ‘ಲಾಯ್ಕಿತ್ತು’ ಎಂದೇ ಹೇಳುತ್ತಾರೆ. ಅವರ ಬೆರಳು ಎಲ್ಲಿ ನಿಂತಿತು, ಹುಬ್ಬು ಯಾವಾಗ ಗಂಟಿಕ್ಕಿತು, ಯಾವ ಬರಹವನ್ನು ಓದದೆ ದಾಟಿದರು ಎಂಬುದನ್ನು ಬರೆದುಕೊಳ್ಳಿ.

ಒಬ್ಬರು ನಿಮ್ಮ ಗೇಮಿಗೆ ಹೊಸಬರಾಗಿರುವುದು ಒಂದೇ ಸಲ. ಮೊದಲ ಬಿಲ್ಡ್ ಆದ ಖುಷಿಯಲ್ಲಿ ಎಲ್ಲ ಗೆಳೆಯರಿಗೂ ಕಳಿಸಿಬಿಟ್ಟರೆ, ಬಿತ್ತನೆಗೆಂದು ಎತ್ತಿಟ್ಟ ಬತ್ತವನ್ನೇ ಕುಟ್ಟಿ ಉಂಡಂತೆ. ಪರೀಕ್ಷೆಯ ಒಂದೊಂದು ಸುತ್ತಿಗೂ ಇಬ್ಬರು ಮೂವರಂತೆ ಹಂಚಿಕೊಳ್ಳಿ. 2023ರ ನವೆಂಬರ್ 13ರ ನಂತರ ಗೂಗಲ್ ಪ್ಲೇಯಲ್ಲಿ ವೈಯಕ್ತಿಕ ಡೆವಲಪರ್ ಖಾತೆ ತೆರೆದವರು, ಬಿಡುಗಡೆಗೆ ಮುನ್ನ ಕನಿಷ್ಠ 12 ಮಂದಿಯನ್ನು ಸತತ 14 ದಿನ ಪರೀಕ್ಷಕರಾಗಿ ಇರಿಸಿಕೊಳ್ಳಲೇಬೇಕು. ಇದನ್ನು ಹೆಸರಿಗೆ ಮುಗಿಸುವ ಶಾಸ್ತ್ರವಾಗಿ ಮಾಡದೆ, ಆ 12ರಲ್ಲಿ ಕೆಲವರಾದರೂ ಗೇಮನ್ನು ಹಿಂದೆ ಕಂಡಿರದವರಾಗಿರುವಂತೆ ನೋಡಿಕೊಳ್ಳಿ. ಅಡಿಕೆ ಕೊಯ್ಲಿನ ಗೇಮ್ ಕಟ್ಟುವವರಾದರೆ, ಕೆಂಪು ಹಸಿರುಗಳ ಭೇದ ಕಾಣದ ಒಬ್ಬರಾದರೂ ಇರಲಿ. ಹಣ್ಣಡಿಕೆ ಯಾವುದು, ಹಸಿಯಡಿಕೆ ಯಾವುದು ಎಂದು ಬಣ್ಣದಿಂದಷ್ಟೇ ತೋರಿಸಿದ್ದರೆ ಅವರಿಗೆ ಆ ಗೇಮನ್ನು ಆಡಲಾಗದು.

ಕೊನೆಯದಾಗಿ, ಆಡದಿರುವ ಹೊತ್ತಿನ ಬಗ್ಗೆ. ಒಂದು ಹಂತದಲ್ಲಿ ಕಣ್ಣು ಮರಗಟ್ಟುತ್ತದೆ. ಕಣ್ಣೆದುರಿನ ತಪ್ಪೂ ಕಾಣದಂತಾಗುತ್ತದೆ. ಆಗ ಹತ್ತು ಹದಿನೈದು ದಿನ ಗೇಮಿನ ಆ ಭಾಗವನ್ನು ಮುಟ್ಟಬೇಡಿ, ಸಂಗೀತ, ಚಿತ್ರ, ಬೇರೆ ಯಾವುದಾದರೂ ಕೆಲಸ ಹಿಡಿಯಿರಿ. ಮರಳಿ ಆಡುವ ದಿನ ಪರದೆಯನ್ನೂ ನಿಮ್ಮ ದನಿಯನ್ನೂ ರೆಕಾರ್ಡ್ ಮಾಡಿಕೊಂಡು, ಅನ್ನಿಸಿದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತ ಆಡಿ. ಆ ಮೊದಲ ಅರ್ಧ ಗಂಟೆಯ ಮಾತುಗಳನ್ನು ಸಂಜೆಯೇ ಕೇಳಿ ಬರೆದಿಟ್ಟುಕೊಳ್ಳಿ, ಏಕೆಂದರೆ ಮರುದಿನ ಬೆಳಿಗ್ಗೆ ಆಡುವ ಹೊತ್ತಿಗೆ ಆ ತಪ್ಪುಗಳು ಮತ್ತೆ ಕಣ್ಣಿಗೆ ಒಗ್ಗಿಹೋಗಿರುತ್ತವೆ.