ಸ್ಪ್ರಿಂಗ್, ಶಾಕಪ್ ಎರಡನ್ನೂ ಜೋಡಿಯಾಗಿ ಬದಲಾಯಿಸಿ

ಪುಣೆಯಿಂದ ಊರಿಗೆ ಹೋಗುವ ನಮ್ಮವರ ಕಾರು ಖಾಲಿ ವಾಪಸ್ ಬರುವುದಿಲ್ಲ. ಡಿಕ್ಕಿಯಲ್ಲಿ ಜೋಳದ ಚೀಲ, ಹಿಂದಿನ ಸೀಟಿನಲ್ಲಿ ಮೂವರು. ಹಿಂಭಾಗ ಕೂತುಬಿಡುತ್ತದೆ. ಸ್ಪೀಡ್ ಬ್ರೇಕರ್ ಮೇಲೆ ಧಡ್ ಅನ್ನುತ್ತದೆ, ಖಂಬಾಟ್ಕಿ ಘಾಟಿನ ತಿರುವಿನಲ್ಲಿ ವಾಲುತ್ತದೆ. ಸ್ವಲ್ಪ ಗಟ್ಟಿ ಸ್ಪ್ರಿಂಗ್ ಹಾಕೋಣ ಅನ್ನಿಸುವುದು ಸಹಜ. ನಾನು ಭೋಸರಿಯಲ್ಲಿ ಫಿಟ್ಟರ್. ಭಾನುವಾರ ಪರಿಚಯದವರ ಕಾರಿಗೆ ಈ ಕೆಲಸ ಮಾಡಿಕೊಡುತ್ತೇನೆ. ಮೊದಲು ಬರುವ ಪ್ರಶ್ನೆ ಒಂದೇ: "ಕಾಕಾ, ಬರೀ ಸ್ಪ್ರಿಂಗ್ ಬದ್ಲಿ ಮಾಡಿದ್ರ ಸಾಕಲ್ರಿ?"

ಸಾಲುವುದಿಲ್ಲ. ಸ್ಪ್ರಿಂಗ್ ಭಾರ ಹೊರುತ್ತದೆ, ಅದರ ಕುಣಿತ ನಿಲ್ಲಿಸುವುದು ಶಾಕಪ್. ಹಳೇ ಶಾಕಪ್ ಮೇಲೆ ಗಟ್ಟಿ ಸ್ಪ್ರಿಂಗ್ ಕೂರಿಸಿದರೆ, ಅದು ವಾಪಸ್ ಚಿಮ್ಮುವಾಗ ತಡೆಯುವ ತಾಕತ್ತು ಶಾಕಪ್‌ಗೆ ಇರುವುದಿಲ್ಲ. ಸ್ಪ್ರಿಂಗ್ ತಂತಿ ಶೇಕಡ 10ರಷ್ಟು ದಪ್ಪಗಾದರೆ, ಉಳಿದದ್ದೆಲ್ಲ ಹಾಗೇ ಇದ್ದರೂ, ಗಟ್ಟಿತನ ಸುಮಾರು ಶೇಕಡ 46ರಷ್ಟು ಏರುತ್ತದೆ. ಕಣ್ಣಿಗೆ ಕಾಣದಷ್ಟು ವ್ಯತ್ಯಾಸವೂ ದೊಡ್ಡದೇ. ಹಾಗಾಗಿ ಒಂದೇ ಕಂಪನಿ ಒಟ್ಟಿಗೆ ಹೊಂದಿಸಿ ಕೊಡುವ ಸೆಟ್ ತಗೊಳ್ಳಿ. ಹಳೇ ಸ್ಪ್ರಿಂಗನ್ನೇ ಒಂದು ಸುತ್ತು ಕತ್ತರಿಸಿ ಹಾಕುವವರ ಹತ್ತಿರ ದಯವಿಟ್ಟು ಹೋಗಬೇಡಿ. ಕತ್ತರಿಸಿದ ತುದಿ ಸ್ಪ್ರಿಂಗ್ ಸೀಟಿನಲ್ಲಿ, ಅಂದರೆ ಅದು ಕೂರುವ ಬಟ್ಟಲಿನಲ್ಲಿ, ಸರಿಯಾಗಿ ಕೂರುವುದಿಲ್ಲ. ಕಾರು ತಗ್ಗಿಸುವ ಸ್ಪ್ರಿಂಗ್ ಕೂಡ ನಮ್ಮ ರಸ್ತೆಗೆ ಬೇಡ ಅನ್ನುವವನು ನಾನು.

ಸೆಟ್ ಜೊತೆ ಮೇಲಿನ ಮೌಂಟ್ (ಶಾಕಪ್ ತುದಿಯನ್ನು ಕಾರಿನ ಬಾಡಿಗೆ ಹಿಡಿಸುವ ಭಾಗ), ಬೇರಿಂಗ್, ಬಂಪ್ ಸ್ಟಾಪ್ (ಪೂರ್ತಿ ಕುಸಿದಾಗ ಪೆಟ್ಟು ತಡೆಯುವ ತುಂಡು), ಧೂಳಿನ ಕವರ್ ಹೊಸದು ತನ್ನಿ. ಹೇಗೂ ಬಿಚ್ಚುತ್ತೀರಿ, ಅಲ್ವಾ? ಇಲ್ಲಿನ ಮಳೆಗೆ ಬೋಲ್ಟ್‌ಗಳು ತುಕ್ಕು ಹಿಡಿದಿರುತ್ತವೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ. ನೆಲ ಸಮ ಇರಲಿ, ಚಕ್ರಕ್ಕೆ ಅಡ್ಡ ಕಲ್ಲಿಡಿ. ಬರೀ ಜಾಕಿ ನಂಬಿ ಕೆಳಗೆ ಕೈ ಹಾಕಬೇಡಿ, ಸ್ಟ್ಯಾಂಡ್ ಕೊಡಲೇಬೇಕು.

ಈಗ ಮುಂದಿನ ಸ್ಟ್ರಟ್, ಅಂದರೆ ಸ್ಪ್ರಿಂಗ್ ಮತ್ತು ಶಾಕಪ್ ಒಂದೇ ಆಗಿ ಕೂಡಿಸಿದ ಭಾಗ. ಬ್ರೇಕ್ ಹೋಸ್, ಎಬಿಎಸ್ ವೈರ್, ಸ್ಟೆಬಿಲೈಸರ್ ಲಿಂಕ್ (ಕಾರು ವಾಲದಂತೆ ತಡೆಯುವ ಸರಳಿನ ಕೊಂಡಿ) ಬಿಡಿಸಿ. ನಕಲ್‌ಗೆ (ಚಕ್ರವನ್ನು ಹೊತ್ತಿರುವ ಭಾಗ) ಹಿಡಿದ ಬೋಲ್ಟ್ ಬಿಚ್ಚುವ ಮುಂಚೆ ಬಿಳಿ ಪೆನ್ನಿನಿಂದ ಗುರುತು ಮಾಡಿ. ಆಮೇಲೆ ಬಾನೆಟ್ ಒಳಗೆ ಮೌಂಟ್ ಹಿಡಿದ ನಟ್ ಬಿಚ್ಚಿ, ಕೆಳಗಿನಿಂದ ಒಬ್ಬರು ಸ್ಟ್ರಟ್ ಹಿಡಿದಿರಲಿ. ನಡುವೆ ಶಾಕಪ್ ರಾಡ್ ಮೇಲಿರುವ ನಟ್ ಮಾತ್ರ ಈಗ ಮುಟ್ಟಬೇಡಿ. ಸ್ಪ್ರಿಂಗನ್ನು ಒತ್ತಿ ಹಿಡಿದಿರುವುದೇ ಅದು. ಸುಮ್ನೆ ಬಿಚ್ಚಿದರೆ ಮೌಂಟ್ ಗುಂಡಿನ ಹಾಗೆ ಹಾರುತ್ತದೆ, ಜೀವಕ್ಕೇ ಅಪಾಯ.

ಇಲ್ಲಿ ಸ್ಪ್ರಿಂಗ್ ಕಂಪ್ರೆಸರ್, ಅಂದರೆ ಸ್ಪ್ರಿಂಗನ್ನು ಒತ್ತಿ ಹಿಡಿಯುವ ಸಾಧನ, ಬೇಕೇ ಬೇಕು. ಎರಡು ಕೊಕ್ಕೆಗಳು ಎದುರುಬದುರಾಗಿರಲಿ. ಇದನ್ನು ಎರಡು ಸುತ್ತು, ಅದನ್ನು ಎರಡು ಸುತ್ತು ಹೀಗೆ ಸ್ಪ್ಯಾನರ್‌ನಲ್ಲೇ ನಿಧಾನಕ್ಕೆ ಬಿಗಿಯಿರಿ. ಇಂಪ್ಯಾಕ್ಟ್ ಗನ್ ಹಚ್ಚಬೇಡಿ. ಸ್ಪ್ರಿಂಗ್ ಸೀಟಿನಲ್ಲಿ ಸಡಿಲಾಗಿ ಕೈಯಿಂದ ತಿರುಗಿಸಿದರೆ ತಿರುಗಬೇಕು. ಹಾಗೆ ತಿರುಗಿತೆಂದರೆ ಮಾತ್ರ ನಡುವಿನ ನಟ್ ಬಿಚ್ಚಿ. ಸ್ಟ್ರಟ್ ತುದಿಗೆ ಮುಖ ಒಡ್ಡಬೇಡಿ. ಹೊಸದನ್ನು ಬಿಗಿಯುವಾಗ ರಾಡ್ ತಿರುಗಿದರೆ ಅದರ ತಲೆಗೆ ಅಲೆನ್ ಕೀ ಕೊಟ್ಟು ಹಿಡಿಯಿರಿ. ಇಕ್ಕಳದಿಂದ ರಾಡ್ ಹಿಡಿದರೆ ಹೊಳೆಯುವ ಮೈಮೇಲೆ ಗೀರು ಬೀಳುತ್ತದೆ, ಆ ಗೀರು ಸೀಲ್ ಕೊಯ್ಯುತ್ತದೆ, ಎಣ್ಣೆ ಸೋರುತ್ತದೆ. ಕಂಪ್ರೆಸರ್ ಇಲ್ಲವೇ, ಧೈರ್ಯ ಸಾಲದೇ? ಸ್ಟ್ರಟ್ ಹೊರಗೆ ತೆಗೆದು ಗ್ಯಾರೇಜಿಗೆ ಒಯ್ದು ಇದೊಂದು ಕೆಲಸ ಮಾಡಿಸಿಕೊಂಡು ಬನ್ನಿ. ಅದರಲ್ಲಿ ನಾಚಿಕೆ ಏನಿಲ್ಲ.

ಟ್ವಿನ್ ಟ್ಯೂಬ್ (ಕೊಳವೆಯೊಳಗೆ ಇನ್ನೊಂದು ಕೊಳವೆ ಇರುವ) ಶಾಕಪ್ ಆದರೆ ಹಾಕುವ ಮುಂಚೆ ನೆಟ್ಟಗೆ ನಿಲ್ಲಿಸಿ, ನಾಲ್ಕೈದು ಸಲ ಒತ್ತಿ ಎಳೆಯಿರಿ. ಮಲಗಿಸಿಟ್ಟಾಗ ಒಳಗೆ ಸೇರಿದ ಗಾಳಿ ಹೋಗುತ್ತದೆ. ಸ್ಪ್ರಿಂಗ್ ತುದಿ ಸೀಟಿನ ಮೆಟ್ಟಿಲಿಗೆ ಸರಿಯಾಗಿ ತಾಗಿದೆಯಾ ನೋಡಿ.

ಟಾರ್ಷನ್ ಬೀಮ್ (ಹಿಂದಿನ ಎರಡೂ ಚಕ್ರಗಳನ್ನು ಸೇರಿಸುವ ಅಡ್ಡ ತೊಲೆ) ಇರುವ ಕಾರಿನಲ್ಲಿ ಹಿಂದಿನ ಕೆಲಸ ಸಲೀಸು. ಹೆಚ್ಚಿನ ಹ್ಯಾಚ್‌ಬ್ಯಾಕ್‌ಗಳಲ್ಲಿ ಸ್ಪ್ರಿಂಗ್, ಶಾಕಪ್ ಬೇರೆ ಬೇರೆ ಇರುತ್ತವೆ. ಬೀಮಿಗೆ ಜಾಕಿ ಕೊಟ್ಟು, ಎರಡೂ ಕಡೆ ಶಾಕಪ್ ಕೆಳಗಿನ ಬೋಲ್ಟ್ ತೆಗೆದು, ನಿಧಾನಕ್ಕೆ ಇಳಿಸಿದರೆ ಸ್ಪ್ರಿಂಗ್ ಕೈಗೇ ಬರುತ್ತದೆ. ಬ್ರೇಕ್ ಹೋಸ್ ಎಳೆಯದ ಹಾಗೆ ನೋಡಿಕೊಳ್ಳಿ.

ಹಿಂದಿನ ಶಾಕಪ್‌ನ ಕೆಳಗಿನ ಬೋಲ್ಟನ್ನು ಕಾರು ಮೇಲೆ ನೇತಾಡುವಾಗ ಪೂರ್ತಿ ಬಿಗಿಯಬಾರದು. ಒಳಗಿನ ರಬ್ಬರ್ ಬುಷ್ ಆ ಸ್ಥಿತಿಯಲ್ಲೇ ಹಿಡಿದುಕೊಂಡುಬಿಡುತ್ತದೆ. ಕಾರು ಇಳಿಸಿದ ಮೇಲೆ ಸದಾ ತಿರುಚಿಕೊಂಡೇ ಇದ್ದು, ಬೇಗ ಹರಿಯುತ್ತದೆ. ಕೈಬಿಗಿ ಮಾಡಿ, ಚಕ್ರದ ಮೇಲೆ ಭಾರ ಬಂದ ಮೇಲೆ ಟಾರ್ಕ್ ರೆಂಚ್ (ಬಿಗಿ ಅಳೆದು ಹಾಕುವ ಸ್ಪ್ಯಾನರ್) ಹಚ್ಚಿ. ಎಷ್ಟು ಬಿಗಿಯಬೇಕು ಎಂಬುದು ನಿಮ್ಮ ಕಾರಿನ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿದೆ, ಅಂದಾಜಿಗೆ ಬಿಡಬೇಡಿ.

ಮುಗಿದ ಕೂಡಲೇ ವೀಲ್ ಅಲೈನ್‌ಮೆಂಟ್ ಮಾಡಿಸಿ. ಗುರುತು ಹಾಕಿ ಕೂರಿಸಿದರೂ ಕ್ಯಾಂಬರ್ (ಚಕ್ರದ ಒಳ-ಹೊರ ವಾಲು), ಟೋ (ಚಕ್ರದ ಮುಂಭಾಗ ಒಳಗೆ ಅಥವಾ ಹೊರಗೆ ತಿರುಗಿರುವುದು) ಬದಲಾಗಿರುತ್ತವೆ, ಹಾಗೇ ಬಿಟ್ಟರೆ ಟೈರ್ ಒಂದು ಬದಿ ಸವೆಯುತ್ತದೆ. ಕಾರಿನ ಎತ್ತರ ಬದಲಾದರೆ ಹೆಡ್‌ಲೈಟ್ ಬೆಳಕೂ ಮೇಲೆ ಕೆಳಗೆ ಆಗಿರುತ್ತದೆ. ಗೋಡೆಯ ಮುಂದೆ ನಿಲ್ಲಿಸಿ ಸರಿ ಮಾಡಿಕೊಳ್ಳಿ. ಕೆಲವು ದಿನ ಊರೊಳಗೇ ಓಡಿಸಿ, ಎಲ್ಲ ಬೋಲ್ಟ್‌ಗಳ ಬಿಗಿ ಇನ್ನೊಮ್ಮೆ ನೋಡಿ, ಆಮೇಲೆ ಚೀಲ ತರಲು ಹೊರಡಿ.