ಗ್ರಾಹಕರ ವಿವರ ಸರ್ವರ್ ಕಂಪನಿಗೆ, ಕಂಪನಿಯ ಹೆಸರು ಗ್ರಾಹಕರಿಗೆ ಸಿಗದಂತೆ ಮಾಡಿದ್ದು ಹೀಗೆ

ಹುಬ್ಬಳ್ಳಿಯಲ್ಲಿ ರೀಸೆಲ್ಲರ್ ಹೋಸ್ಟಿಂಗ್ ನಡೆಸುತ್ತೇನೆ, ಅಂದರೆ ಬೇರೆ ಕಂಪನಿಯ ಸರ್ವರ್‌ನಲ್ಲಿ ಜಾಗ ತಗೊಂಡು, ವೆಬ್‌ಸೈಟ್ ಇಡಲು ನಮ್ಮ ಹೆಸರಲ್ಲಿ ಗ್ರಾಹಕರಿಗೆ ಕೊಡುತ್ತೇನೆ. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರು ಫೋನ್ ಮಾಡಿ, "ಸರ, ಸರ್ವರ್ ಕಂಪನಿಯವರು ಮೇಲ್ ಹಾಕ್ಯಾರ್ರಿ, ಅವರ ಕಡೆ ಸೋವಿ ಐತಂತ" ಎಂದರು. ಸರ್ವರ್ ಯಾರದು ಅಂತ ನಾನು ಅವರಿಗೆ ಹೇಳಿಯೇ ಇರಲಿಲ್ಲ!

ಸಿಪ್ಯಾನೆಲ್ (ವೆಬ್‌ಸೈಟ್ ನಿರ್ವಹಣೆಯ ತಂತ್ರಾಂಶ) ಖಾತೆಯ ಸಂಪರ್ಕ ಇಮೇಲ್ ಜಾಗದಲ್ಲಿ ಆ ವ್ಯಾಪಾರಿಯದೇ ವಿಳಾಸ ಇತ್ತು. ರೂಟ್ ಅಧಿಕಾರ, ಅಂದರೆ ಇಡೀ ಸರ್ವರ್ ಮೇಲೆ ಹಿಡಿತ ಇರುವ ಕಂಪನಿಯವರಿಗೆ ಅದು ಕಾಣುತ್ತದೆ. ಎಲ್ಲ ಖಾತೆಗಳಲ್ಲೂ ನಮ್ಮ ವಿಳಾಸ ಹಾಕಿದೆ. ಡಿಸ್ಕ್ ತುಂಬಿದ ಎಚ್ಚರಿಕೆ ಈಗ ನಮಗೇ ಬರುತ್ತದೆ, ನಾವು ಅವರಿಗೆ ತಿಳಿಸುತ್ತೇವೆ.

ಜಾಸ್ತಿ ತಲೆ ತಿಂದದ್ದು ನೇಮ್‌ಸರ್ವರ್, ಅಂದರೆ ವೆಬ್‌ಸೈಟ್ ಹೆಸರು (ಡೊಮೇನ್) ಯಾವ ಐಪಿಯಲ್ಲಿದೆ (ಸರ್ವರ್‌ನ ಅಂಕಿ ವಿಳಾಸ) ಎಂದು ಹೇಳುವ ಸರ್ವರ್. ಗ್ರಾಹಕರು ಡೊಮೇನ್‌ನ ಹೂಈಸ್ (ನೋಂದಣಿಯ ಸಾರ್ವಜನಿಕ ದಾಖಲೆ) ನೋಡಿದರೆ ಕಂಪನಿಯ ಹೆಸರೇ ಎದ್ದು ಕಾಣುತ್ತಿತ್ತು. ನಮ್ಮ ಡೊಮೇನ್ ಅಡಿಯಲ್ಲೇ ಎನ್‌ಎಸ್1, ಎನ್‌ಎಸ್2 ಎಂಬ ನೇಮ್‌ಸರ್ವರ್ ಹೆಸರು ಮಾಡಿದೆ. ಬರೀ ಎ ರೆಕಾರ್ಡ್ (ಹೆಸರಿಗೆ ಐಪಿ ಜೋಡಿಸುವ ಸಾಲು) ಹಾಕಿದರೆ ಸಾಲದು. ನೇಮ್‌ಸರ್ವರ್ ಎಲ್ಲಿದೆ ಅಂತ ಅದೇ ನೇಮ್‌ಸರ್ವರನ್ನೇ ಕೇಳಬೇಕಾಗುತ್ತದೆ, ಕೀಲಿಕೈ ಒಳಗಿಟ್ಟು ಬಾಗಿಲು ಹಾಕಿಕೊಂಡ ಹಾಗೆ. ಅದಕ್ಕೇ ರಿಜಿಸ್ಟ್ರಾರ್ (ಡೊಮೇನ್ ನೋಂದಾಯಿಸಿಕೊಟ್ಟ ಸಂಸ್ಥೆ) ಬಳಿ ಗ್ಲೂ ರೆಕಾರ್ಡ್ ಮಾಡಿಸಬೇಕು, ಆಗ ನೇಮ್‌ಸರ್ವರ್‌ನ ಐಪಿ ಹೊರಗಿನಿಂದಲೇ ಸಿಗುತ್ತದೆ. ಬದಲಾವಣೆ ಎಲ್ಲೆಡೆ ಹರಡಲು 48 ಗಂಟೆವರೆಗೂ ಹಿಡಿಯಬಹುದು, ಅಲ್ಲಿತನಕ ಹಳೆಯದನ್ನು ತೆಗೆಯಬೇಡಿ.

ಮೇಲ್ ಹೆಡರ್‌ನಲ್ಲೂ (ಮೇಲ್ ಬಂದ ದಾರಿಯ ವಿವರ) ಸರ್ವರ್ ಹೆಸರು ಇಣುಕುತ್ತಿತ್ತು. ಐಪಿಯಿಂದ ಹೆಸರು ತಿಳಿಸುವ ರಿವರ್ಸ್ ಡಿಎನ್‌ಎಸ್, ಆ ಐಪಿ ಕೊಟ್ಟವರ ಕೈಯಲ್ಲಿರುತ್ತದೆ. ಪ್ರತ್ಯೇಕ ಐಪಿ ತಗೊಂಡು, ಕಂಪನಿಗೆ ಟಿಕೆಟ್ (ಮನವಿ) ಹಾಕಿ ನಮ್ಮ ಹೆಸರಿಗೆ ಮಾಡಿಸಿಕೊಂಡೆ. ನಮ್ಮ ಹೆಸರಲ್ಲಿ ಮೇಲ್ ಕಳಿಸಲು ಯಾವ ಸರ್ವರ್‌ಗೆ ಅನುಮತಿ ಎಂದು ಹೇಳುವ ಎಸ್‌ಪಿಎಫ್ ಸಾಲಿನಲ್ಲಿದ್ದ ಕಂಪನಿಯ ಡೊಮೇನ್ ತೆಗೆದು ನಮ್ಮ ಐಪಿ ಬರೆದೆ.

ಐಪಿಯ ಹೂಈಸ್ ಮಾತ್ರ ಮುಚ್ಚಲಾಗದು. ಅಷ್ಟು ಆಳಕ್ಕೆ ಹೋಗಿ ನೋಡುವ ಗ್ರಾಹಕರು ಕಡಿಮೆ, ಅಲ್ವಾ? ಆದರೂ ನಮ್ಮ ಗ್ರಾಹಕರನ್ನು ನೇರವಾಗಿ ಸಂಪರ್ಕಿಸಬಾರದು ಎಂಬ ಷರತ್ತನ್ನು ಕಂಪನಿಯಿಂದ ಬರಹದಲ್ಲೇ ಪಡೆದಿದ್ದೇನೆ.